ಇಬ್ಬರ ವಯಸ್ಸು ಕೂಡಿದರೆ 91

ತೊಗರ್ಸಿಯ ನಮ್ಮ ಮನೆ ಜಗುಲಿಯಲ್ಲಿ ಕೂತು ಹಳೇ ಕ್ಯಾಲೆಂಡರಿನ ಹಿಂಬದಿಗೆ ಲೆಕ್ಕ ಬರೆದೆವು. ನನಗೆ 43, ಇವರಿಗೆ 48. ಒಟ್ಟು 91. ಎರಡು ವರ್ಷದೊಳಗಿನ ಕೂಸನ್ನು ದತ್ತು ಪಡೆಯಲು ಗಂಡ ಹೆಂಡತಿಯ ವಯಸ್ಸಿನ ಮೊತ್ತ 85 ದಾಟಬಾರದು. ಎರಡರಿಂದ ನಾಲ್ಕರ ಮಗುವಾದರೆ 90. ಒಂದೇ ವರ್ಷಕ್ಕೆ ಅದೂ ತಪ್ಪಿತು. ನಮಗೆ ಉಳಿದದ್ದು ನಾಲ್ಕರಿಂದ ಎಂಟರ ಮಗು. ಅಲ್ಲಿ ಮಿತಿ 100.

“ಅಷ್ಟು ದೊಡ್ಡದು ನಮ್ಗೆ ಹೊಂದ್ಕೊಳ್ತದೇನವ್ವಾ?” ಅಂದರು ಅತ್ತೆ. ಅವರ ಕಣ್ಣು ಮೈದುನನ ಎರಡನೇ ಮಗನ ಮೇಲಿತ್ತು. ಕೆಳದಿಯ ಚೆನ್ನಮ್ಮ ಬಸವಪ್ಪನನ್ನು ದತ್ತು ತಗೊಂಡ ಸೀಮೆಯಲ್ಲಿ ಇದೇನು ಹೊಸತಲ್ಲ. 1956ರ ಹಿಂದೂ ದತ್ತಕ ಕಾಯ್ದೆಯಡಿ ಎರಡೂ ಕಡೆಯವರು ಒಪ್ಪಿ, ಮಗುವನ್ನು ಕೊಟ್ಟು ತಗೊಂಡು, ದತ್ತಕ ಪತ್ರವನ್ನು ನೋಂದಾಯಿಸಿಕೊಳ್ಳಬಹುದು. ಆದರೆ ಓರಗಿತ್ತಿಯ ಮುಖ ನೋಡಿದ ಮೇಲೆ ನನಗೆ ಕೇಳಲು ಬಾಯಿ ಬರಲಿಲ್ಲ.

ಅಷ್ಟರಲ್ಲಿ ಒಬ್ಬಾತ, ಆಸ್ಪತ್ರೆಯಲ್ಲಿ ಹಸುಗೂಸೊಂದಿದೆ, ದುಡ್ಡು ಹೊಂದಿಸಿ ಅಂದ. ಮಗುವನ್ನು ಮಾರುವುದಷ್ಟೇ ಅಲ್ಲ, ಕೊಳ್ಳುವುದೂ ಅಪರಾಧ. ಐದು ವರ್ಷದವರೆಗೆ ಜೈಲು, ಒಂದು ಲಕ್ಷ ದಂಡ. ಇವರು ಅವನಿಗೆ ಚಹಾನೂ ಕೊಡದೆ ಕಳಿಸಿದರು.

ದತ್ತು ವ್ಯವಹಾರ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಕಾರಾದ ಪೋರ್ಟಲಿನಲ್ಲಿ ಹೆಸರು ಹಚ್ಚಿದೆವು. ಮದುವೆಯಾಗಿ ಎರಡು ವರ್ಷವಾದರೂ ಕೂಡಿ ಬಾಳಿರಬೇಕು, ಮಗುವಿಗೂ ನಮಗೂ 25 ವರ್ಷದ ಅಂತರವಿರಬೇಕು, ಆದಾಯ ಮತ್ತು ಆರೋಗ್ಯದ ಕಾಗದ ಬೇಕು. ಒಂಟಿ ಹೆಣ್ಣುಮಗಳೂ ದತ್ತು ಪಡೆಯಬಹುದು. ಒಂಟಿ ಗಂಡಸಿಗೆ ಮಾತ್ರ ಹೆಣ್ಣುಮಗು ಕೊಡುವುದಿಲ್ಲ. ಮನೆ ನೋಡಲು ಬಂದ ಸಮಾಜ ಕಾರ್ಯಕರ್ತೆ ನಮ್ಮ ಮೆಕ್ಕೆಜೋಳದ ಆದಾಯವನ್ನು ಬೇಗ ಬರೆದುಕೊಂಡು, “ನೀವು ಹೆತ್ತವರಲ್ಲ ಅಂತ ಮಗುವಿಗೆ ಹೇಗೆ ಹೇಳ್ತೀರಿ?” ಎಂದು ಕೇಳಿದರು. ನಾವಿಬ್ಬರೂ ನೆಲ ನೋಡಿದೆವು. ಆ ರಾತ್ರಿ ನಮಗೆ ನಿದ್ದೆ ಇಲ್ಲ.

ಆಯ್ಕೆ ನಮ್ಮದು ಅಂದುಕೊಂಡಿದ್ದೆ. ಐದು ದಾಟಿದ ಮಗುವಿನ ಒಪ್ಪಿಗೆಯೂ ಬೇಕಂತೆ! ನಮಗೆ ತೋರಿಸಿದ ಆರು ವರ್ಷದ ಹುಡುಗಿ ನಮ್ಮನ್ನು ಮೇಲಿಂದ ಕೆಳಗೆ ನೋಡಿ, “ನಿಮ್ಮನೇಲಿ ಎಮ್ಮೆ ಇದೆಯಾ?” ಎಂದಳು. ಇವರು ಫೋನಿನಲ್ಲಿ ಫೋಟೋ ಹುಡುಕಿ ತೋರಿಸಿದರು. ಕೈ ನಡುಗುತ್ತಿತ್ತು.

2022ರ ಸೆಪ್ಟೆಂಬರಿನಿಂದ ದತ್ತು ಆದೇಶ ಕೊಡುವುದು ಕೋರ್ಟಲ್ಲ, ಜಿಲ್ಲಾಧಿಕಾರಿ. ನಮ್ಮದೂ ಅಲ್ಲಿಂದಲೇ ಬಂತು. ಮಗು ಮನೆಗೆ ಬಂದಾಗಿನಿಂದ ಎರಡು ವರ್ಷ, ಆರು ತಿಂಗಳಿಗೊಮ್ಮೆ ವಿಚಾರಿಸಲು ಬರುತ್ತಾರೆ. ಮೊನ್ನೆ ಬಂದವರನ್ನು ಅವಳೇ ಕೊಟ್ಟಿಗೆಗೆ ಕರೆದೊಯ್ದಳು. ಅತ್ತೆ ಹಿಂದಿನಿಂದ ಕೂಗಿದರು: “ದಿನಾ ನನ್ನ ಹಾಸಿಗೇಲೇ ಮಲಗ್ತದೆ, ರಾತ್ರಿಯೆಲ್ಲ ಒದೀತದೆ. ಅದನ್ನೂ ಬರ್ಕೊಳ್ರಿ!”