ಎಣ್ಣೆ ನೀರಿನೊಡನೆ ಕೂಡುವ ಬಗೆ

ಎಣ್ಣೆಯೂ ನೀರೂ ಕೂಡವೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಹಾಲನ್ನು ನೋಡಿರಿ. ಅದರಲ್ಲಿ ಕೊಬ್ಬು ಕಣ್ಣಿಗೆ ಕಾಣದ ಹನಿಗಳಾಗಿ ನೀರಿನಲ್ಲಿ ಹರಡಿಕೊಂಡಿರುತ್ತದೆ. ಪ್ರತಿ ಹನಿಯ ಸುತ್ತ ತೆಳುವಾದ ಪೊರೆಯಿದ್ದು, ಹನಿಗಳು ಒಂದಾಗದಂತೆ ತಡೆಯುತ್ತದೆ. ಇಂಥ ಮಿಶ್ರಣಕ್ಕೆ ಎಮಲ್ಶನ್ ಎನ್ನುವರು.

ಕೊಳಕೂರ ಸೀಮೆಯ ರೈತರು ತೊಗರಿಗೆ ಬೇವಿನ ಎಣ್ಣೆ ಹೊಡೆಯುವಾಗ ಮಾಡಬೇಕಾದುದೂ ಇದನ್ನೇ. ಬರೀ ಎಣ್ಣೆಯನ್ನು ನೀರಿಗೆ ಸುರಿದರೆ ಅದು ಪಂಪಿನಲ್ಲಿ ಮೇಲೆ ತೇಲುತ್ತದೆ. ಮೊದಲ ಸಾಲುಗಳಿಗೆ ನೀರಷ್ಟೇ ಬಿದ್ದು ಹುಳು ಉಳಿಯುತ್ತದೆ. ಕೊನೆಯ ಸಾಲುಗಳಿಗೆ ಎಣ್ಣೆ ಹೆಚ್ಚಾಗಿ ಎಲೆ ಸುಡುತ್ತದೆ.

ಈಗ ತಾಳೆ ಹಣ್ಣಿನ ಎಣ್ಣೆ, ಬೇವಿನ ಎಣ್ಣೆಗಳಿಂದ ಪ್ರಯೋಗಶಾಲೆಗಳಲ್ಲಿ ನ್ಯಾನೊ ಎಮಲ್ಶನ್ ಸಿದ್ಧಪಡಿಸುತ್ತಿದ್ದಾರೆ. ಒಂದು ಮಿಲಿಮೀಟರಿಗೆ 10 ಲಕ್ಷ ನ್ಯಾನೊಮೀಟರ್. ಇದರ ಹನಿಗಳು ಸಾಮಾನ್ಯವಾಗಿ 20ರಿಂದ 200 ನ್ಯಾನೊಮೀಟರ್ ಇರುತ್ತವೆ. ಹನಿ ಇಷ್ಟು ಸಣ್ಣದಾದರೆ ಎಣ್ಣೆ ಬೇಗನೆ ಮೇಲೇರದು. ಆದರೆ ಇದಕ್ಕೆ ಹೆಚ್ಚು ಒತ್ತಡದ ಯಂತ್ರವೋ ಶ್ರವಣಾತೀತ ಶಬ್ದದ ಯಂತ್ರವೋ ಬೇಕಾಗುವುದುಂಟು. ಕೈಯಿಂದ ಕಲಕಿದರೆ ಆಗದು.

ಹೊಲದ ಕೆಲಸಕ್ಕೆ ಸಾದಾ ಎಮಲ್ಶನ್ ಸಾಕು. 10 ಲೀಟರ್ ನೀರಿಗೆ 200 ಮಿಲಿಲೀಟರ್ ಬೇವಿನ ಎಣ್ಣೆ ತೆಗೆದುಕೊಳ್ಳಿರಿ. ಮೊದಲು ಎಣ್ಣೆಗೆ ಸ್ವಲ್ಪ ಸಾಬೂನಿನ ನೀರು ಹಾಕಿ ಚೆನ್ನಾಗಿ ಕಲಕಿರಿ. ಬಳಿಕ ಉಳಿದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿರಿ. ಹಾಲಿನಂತೆ ಬೆಳ್ಳಗಾದರೆ ಸರಿ. ಮೇಲೆ ಎಣ್ಣೆಯ ಪದರು ಕಂಡರೆ ಹೊಡೆಯಬೇಡಿರಿ. ಮೊದಲು ನಾಲ್ಕು ಗಿಡಗಳ ಮೇಲೆ ಪರೀಕ್ಷಿಸಿರಿ. ಬೇವಿನ ಸತ್ವ ಬಿಸಿಲಿಗೆ ಕೆಡುವುದರಿಂದ ಸಂಜೆಯೇ ಸಿಂಪಡಿಸಿರಿ. ಬೆರೆಸಿದ್ದನ್ನು ಮರುದಿನಕ್ಕೆ ಇಡಬೇಡಿರಿ.

ಅಂಗಡಿಯ ಔಷಧವಾದರೆ ಚೀಟಿಯಲ್ಲಿ ಬರೆದ ಪ್ರಮಾಣವನ್ನೇ ಬಳಸಿರಿ. ‘ನ್ಯಾನೊ’ ಎಂಬ ಹೆಸರು ನೋಡಿ ಹಣ ಕೊಡುವ ಮುನ್ನ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.