ಕಂಪ್ಯೂಟರ್ ಯಾವಾಗ ಆನ್ ಆಗಬೇಕು?

ಶಾಲೆಯ ಕಂಪ್ಯೂಟರ್ ಕೊಠಡಿಗೆ ಬೀಗ ಬಿದ್ದಿದ್ದರೆ ನಾವು ಥಟ್ಟನೆ ದೂರುವುದು ಮೇಷ್ಟ್ರನ್ನು. ಅವರಿಗೆ ಬರುವುದಿಲ್ಲ, ಕಲಿಯುವ ಮನಸ್ಸೂ ಇಲ್ಲ ಎನ್ನುತ್ತೇವೆ. ಹಾಗೆನ್ನುವ ಮುನ್ನ ಗುಜರಾತಿನ ಜ್ಞಾನಶಾಲಾ ಸಂಸ್ಥೆಯ ಶಾಲೆಗಳಲ್ಲಿ ನಡೆದ ಪ್ರಯೋಗವನ್ನು ಗಮನಿಸಬೇಕು. ಅರ್ಥಶಾಸ್ತ್ರಜ್ಞ ಲೀ ಲಿಂಡೆನ್ 2008ರಲ್ಲಿ ಬರೆದ ಪ್ರಬಂಧದಲ್ಲಿ ಅದರ ವಿವರವಿದೆ. ಗಣಿತ ಕಲಿಸಲು ಕೆಲವೆಡೆ ಶಿಕ್ಷಕಿಯ ಪಾಠದ ಹೊತ್ತನ್ನೇ ಕಂಪ್ಯೂಟರಿಗೆ ಬಿಟ್ಟುಕೊಟ್ಟರು. ಕೆಲವೆಡೆ ಶಾಲೆಯ ಅವಧಿಯ ಆಚೆಗೆ, ಪಾಠಕ್ಕೆ ಪೂರಕವಾಗಿ ಬಳಸಿದರು. ಮೊದಲ ಗುಂಪಿನ ಮಕ್ಕಳು ಕಂಪ್ಯೂಟರೇ ಇಲ್ಲದವರಿಗಿಂತ ಹಿಂದೆ ಬಿದ್ದರು. ಎರಡನೆಯ ಗುಂಪು ಮುಂದೆ ಬಂತು, ಅದರಲ್ಲೂ ಕಲಿಕೆಯಲ್ಲಿ ಹಿಂದುಳಿದವರು. ಯಂತ್ರ ಒಂದೇ, ಬಳಸಿದ ಹೊತ್ತು ಬೇರೆ, ಫಲವೂ ಬೇರೆ. ಪಾಠದ ಯಾವ ಘಟ್ಟದಲ್ಲಿ ಯಂತ್ರ ಬರಬೇಕು ಎಂದು ಗುರುತಿಸುವುದೇ ಶಿಕ್ಷಕರ ನಿಜವಾದ ತಂತ್ರಜ್ಞಾನ ಕೌಶಲ. ಮೌಸ್ ಹಿಡಿಯುವುದು, ಪಿಪಿಟಿ ಮಾಡುವುದು ಅದರ ಹೊಸ್ತಿಲಷ್ಟೇ.

ನಮ್ಮ ಪ್ರೌಢಶಾಲಾ ಶಿಕ್ಷಕರೂ ಬಳಸುವ ಜಿಯೋಜೀಬ್ರಾವನ್ನೇ ನೋಡಿ. ಆಸ್ಟ್ರಿಯಾದ ಮಾರ್ಕಸ್ ಹೋಹೆನ್‌ವಾರ್ಟರ್ 2001ರಲ್ಲಿ ಶುರುಮಾಡಿದ ಉಚಿತ ತಂತ್ರಾಂಶವದು. ತ್ರಿಭುಜದ ಮೂಲೆ ಎಳೆದಂತೆಲ್ಲ ಮೂರು ಕೋನಗಳೂ ಬದಲಾಗುತ್ತವೆ, ಮೊತ್ತ ಮಾತ್ರ ಅಲುಗಾಡದು. ಎಳೆಯುವ ಮುನ್ನವೇ ‘ಮೊತ್ತ ಏನಾಗಬಹುದು?’ ಎಂದು ಕೇಳಿದರೆ ಮಕ್ಕಳು ವಾದಕ್ಕಿಳಿಯುತ್ತಾರೆ. ಕೇಳದಿದ್ದರೆ ನೋಡಿ ಬರೆದುಕೊಳ್ಳುತ್ತಾರೆ. ಇಲ್ಲೊಂದು ಸೊಗಸಾದ ತೊಡಕಿದೆ. ಪರದೆಯಲ್ಲಿ 45.13, 67.13, 67.75 ಎಂದು ಕಂಡೀತು. ಕೂಡಿದರೆ 180.01! ಪ್ರತಿ ಕೋನವನ್ನೂ ಎರಡು ದಶಮಾಂಶ ಸ್ಥಾನಕ್ಕೆ ಬೇರೆಬೇರೆಯಾಗಿ ಅಂದಾಜಿಸಿದ್ದರ ಫಲವದು. ವಿಷಯ ಬಲ್ಲ ಶಿಕ್ಷಕಿ ಅಲ್ಲಿಂದಲೇ ಅಳತೆಗೂ ಸಾಧನೆಗೂ ಇರುವ ಅಂತರಕ್ಕೆ ಬರುತ್ತಾರೆ. ಕಂಪ್ಯೂಟರ್ ಬಿಟ್ಟು ಸೀಮೆಸುಣ್ಣ ಹಿಡಿದು, ಶೃಂಗದ ಮೂಲಕ ಪಾದಕ್ಕೆ ಸಮಾಂತರ ರೇಖೆ ಎಳೆಯುತ್ತಾರೆ. ಗಣಿತ ಗಟ್ಟಿಯಿಲ್ಲದವರಿಗೆ ಅದೇ 0.01 ಮುಜುಗರವಾಗುತ್ತದೆ.

ಮೊಬೈಲ್ ಜೊತೆಗೇ ಬೆಳೆದ ಹೊಸ ತಲೆಮಾರು ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ರೀಲ್ಸ್ ಮಾಡುವ ಚುರುಕು ಪಾಠ ಕಟ್ಟುವ ಜಾಣ್ಮೆಯಾಗಿ ತಾನಾಗಿ ಬದಲಾಗದು. ಹಿರಿಯರ ಹಿಂಜರಿಕೆಯಲ್ಲೂ ತಕ್ಕಮಟ್ಟಿನ ವಿವೇಕವಿದೆ: ಮುಕ್ಕಾಲು ಗಂಟೆಯ ಪೀರಿಯಡ್ಡಿನಲ್ಲಿ ಕರೆಂಟು ಹೋದರೆ ನಷ್ಟ ಮಕ್ಕಳಿಗೇ. ಹಾಗೆಂದು ಮನೋಭಾವ ಮುಖ್ಯವಲ್ಲವೆಂದು ನಾನು ಹೇಳಲಾರೆ. ಒಲ್ಲದ ಮನಸ್ಸು ಒಳ್ಳೆಯ ಸಾಧನವನ್ನೂ ಮೂಲೆಗೆ ತಳ್ಳುತ್ತದೆ. ಆದರೆ ಆ ಮನಸ್ಸು ಭಾಷಣದಿಂದ ಬದಲಾಗದು. ಮಕ್ಕಳು ಕಲಿತದ್ದನ್ನು ಕಣ್ಣಾರೆ ಕಂಡ ಮೇಲೆಯೇ ಶಿಕ್ಷಕರ ನಂಬಿಕೆ ಬದಲಾಗುತ್ತದೆ ಎಂದು ಅಮೆರಿಕದ ಥಾಮಸ್ ಗಸ್ಕಿ 1986ರಲ್ಲೇ ವಾದಿಸಿದ್ದರು. ಹಾಗಾಗಿ ತರಬೇತಿಯಲ್ಲಿ ಹತ್ತು ತಂತ್ರಾಂಶಗಳ ಪರಿಚಯ ಬೇಡ. ಒಂದೇ ಪಾಠ ಸಾಕು. ಅದನ್ನು ಶಿಕ್ಷಕರು ತಮ್ಮದೇ ತರಗತಿಯಲ್ಲಿ ಮಾಡಿನೋಡಿ, ಎಡವಿದ್ದೆಲ್ಲಿ ಎಂದು ಚರ್ಚಿಸಲು ಮತ್ತೆ ಸೇರುವಂತಾಗಲಿ.