ಅಂಗಡಿ ಎಷ್ಟು ದೂರ?

ದಿನಸಿಯ ಮಾತು ಬಂದರೆ ಚರ್ಚೆಯೆಲ್ಲ ಬೆಲೆಯ ಸುತ್ತಲೇ ನಡೆಯುತ್ತದೆ. ಬೇಳೆ ಎಲ್ಲಿ ಅಗ್ಗ, ಎಣ್ಣೆಗೆ ಯಾರು ರಿಯಾಯಿತಿ ಕೊಡುತ್ತಾರೆ ಎಂದು ವಿಚಾರಿಸುವವರು ಅಲ್ಲಿಗೆ ಹೋಗಿಬರುವ ದಾರಿಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆದರೆ ಮನೆಯಲ್ಲಿ ಏನು ಬೇಯುತ್ತದೆ, ಎಷ್ಟು ಕೊಳೆತು ಕಸಕ್ಕೆ ಹೋಗುತ್ತದೆ ಎಂಬುದನ್ನು ಬೆಲೆಯಷ್ಟೇ ಬಲವಾಗಿ ಈ ದಾರಿಯೂ ತೀರ್ಮಾನಿಸುತ್ತದೆ. ನಡೆದು ಹೋಗುವವರಿಗೆ ಕೈಯ ಶಕ್ತಿಯೇ ಮಿತಿ. ನಾಲ್ಕೈದು ಕೆ.ಜಿ. ಹೊತ್ತು ಅರ್ಧ ಕಿಲೋಮೀಟರ್ ಬರುವುದರಲ್ಲೇ ಚೀಲದ ಹಿಡಿ ಬೆರಳನ್ನು ಕೊಯ್ಯತೊಡಗುತ್ತದೆ. ಹಾಗಾಗಿ ಅವರು ಸ್ವಲ್ಪ ಸ್ವಲ್ಪವೇ, ಮೇಲಿಂದ ಮೇಲೆ ಕೊಳ್ಳುತ್ತಾರೆ. ಕಾರಿನಲ್ಲಿ ಹೋದವರು ತಿಂಗಳ ಸಾಮಾನನ್ನು ಒಟ್ಟಿಗೆ ತುಂಬಿಸಿಕೊಂಡು ಬರುತ್ತಾರೆ. ಅಕ್ಕಿ ಬೇಳೆಗೆ ಅದೇ ಸರಿ, ಸೊಪ್ಪಿಗೆ ಸಲ್ಲದು.

ಸಬ್ಬಸಿಗೆಯನ್ನೇ ನೋಡಿ. ಬೆಳಿಗ್ಗೆ ತಳ್ಳುಗಾಡಿಯ ಮೇಲೆ ನೀರು ಚಿಮುಕಿಸಿಕೊಂಡು ನಳನಳಿಸುವ ಕಟ್ಟು ಸಂಜೆಗೆ ಜೋತುಬೀಳುತ್ತದೆ. ಒದ್ದೆ ಆರಿಸದೆ ಕವರಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಎಳೆಗಳು ಕಪ್ಪಾಗಿ ಲೋಳೆ ಬಿಡುತ್ತವೆ. ಕೊಳ್ಳುವವರು ಕಟ್ಟನ್ನು ತಿರುಗಿಸಿ ಬುಡ ನೋಡುವುದು, ನಡುವೆ ಬೆರಳು ಹಾಕಿ ಹಳದಿ ಎಲೆ ಹುಡುಕುವುದು, ‘ಇವತ್ತಿಂದಾ, ನಿನ್ನೇದಾ?’ ಎಂದು ಕೇಳುವುದು ಎಲ್ಲವೂ ಈ ಅಲ್ಪಾಯುಷ್ಯವನ್ನು ಬಲ್ಲವರ ಎಚ್ಚರ. ವಾರಕ್ಕೊಮ್ಮೆ ಮಾತ್ರ ದೂರದ ಮಾರುಕಟ್ಟೆಗೆ ಹೋಗಬಲ್ಲ ಮನೆಯ ಅಡುಗೆ, ಯಾರೂ ಬಯಸದೆಯೇ, ಆಲೂಗಡ್ಡೆ ಈರುಳ್ಳಿಯತ್ತ ವಾಲುತ್ತದೆ. ಈ ದೂರವನ್ನು ತಗ್ಗಿಸುವ ಪ್ರಯತ್ನ ಹೊಸದೇನಲ್ಲ. 1959ರಲ್ಲಿ ಡಾ. ಎಂ.ಎಚ್. ಮರೀಗೌಡರ ಮುಂದಾಳತ್ವದಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ್ದೇ ಮುಂದೆ ಹಾಪ್‌ಕಾಮ್ಸ್ ಆಯಿತು. ದಲ್ಲಾಳಿಗಳನ್ನು ದೂರವಿಟ್ಟಿತೆಂದು ಅದನ್ನು ಹೊಗಳುತ್ತೇವೆ. ಹಣ್ಣು ತರಕಾರಿಯನ್ನು ಬಡಾವಣೆಯ ಮೂಲೆಯವರೆಗೆ ತಂದು ಇಟ್ಟದ್ದೂ ಅಷ್ಟೇ ದೊಡ್ಡ ಕೆಲಸ ಎಂದು ನನ್ನ ಎಣಿಕೆ.

ಹತ್ತಿರದ ಚಿಲ್ಲರೆ ಅಂಗಡಿ ದುಬಾರಿ ಎಂಬ ಆಕ್ಷೇಪ ಸುಳ್ಳಲ್ಲ. ಕಾಲು ಕೆ.ಜಿ. ಬೇಳೆ ಕಟ್ಟಿಸಿಕೊಂಡವರು ಕೆ.ಜಿ. ಲೆಕ್ಕದಲ್ಲಿ ಹೆಚ್ಚೇ ತೆರಬೇಕಾಗುತ್ತದೆ. ಆದರೆ ದಿನಗೂಲಿಯವರ ಕೈಯಲ್ಲಿ ತಿಂಗಳ ಸಾಮಾನಿಗೆ ಬೇಕಾದ ಹಣ ಒಂದೇ ದಿನ ಇರುವುದಿಲ್ಲ. ಸಗಟು ದರದ ಉಳಿತಾಯವನ್ನು ಆಟೋ ಬಾಡಿಗೆ ನುಂಗಿದರೆ ಅಗ್ಗ ಎನ್ನುವುದಕ್ಕೆ ಅರ್ಥವೂ ಉಳಿಯುವುದಿಲ್ಲ. ಮೇಲಾಗಿ ಮುಖ ನೋಡಿ ಉದ್ರಿ ಬರೆದುಕೊಳ್ಳುವವನು ಬೀದಿಯ ಅಂಗಡಿಯವನೇ. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ಕೊಟ್ಟ ಶಕ್ತಿ ಯೋಜನೆ ಈ ಲೆಕ್ಕವನ್ನು ಒಂದಿಷ್ಟು ಬದಲಿಸಿದೆ, ಸಂತೆಗೆ ಹೋಗಿಬರುವ ಟಿಕೆಟ್ ಹಣ ಉಳಿಯುತ್ತದೆ. ಆದರೂ ಬಸ್‌ಸ್ಟಾಪಿನಿಂದ ಮನೆವರೆಗೆ ಚೀಲ ಹೊರುವುದು ತಪ್ಪುವುದಿಲ್ಲ.

ಫೋನ್ ಒತ್ತಿದರೆ ಹತ್ತು ನಿಮಿಷದಲ್ಲಿ ಸಾಮಾನು ಬಾಗಿಲಿಗೆ ಬರುವಾಗ ದಾರಿಯ ಚಿಂತೆ ಯಾಕೆ ಎಂದು ಕೇಳುವವರೂ ಇದ್ದಾರೆ. ಮಂಡಿನೋವಿನ ಹಿರಿಯರಿಗೆ, ಬಾಣಂತಿಗೆ ಅದು ನಿಜವಾದ ಉಪಕಾರ, ಅಲ್ಲಗಳೆಯಲಾಗದು. ಆದರೆ ಅಂಥ ಸೇವೆ ಲಾಭ ಸಿಗುವಷ್ಟು ಗಿರಾಕಿಗಳಿರುವ ಊರುಗಳಲ್ಲಷ್ಟೇ ನಿಲ್ಲುತ್ತದೆ. ಡೆಲಿವರಿ ಶುಲ್ಕ ತಪ್ಪಿಸಲು ಒಂದು ಕಟ್ಟು ಕೊತ್ತಂಬರಿಯ ಜೊತೆಗೆ ಬಿಸ್ಕತ್ತು, ಚಿಪ್ಸು ಸೇರಿಕೊಳ್ಳುತ್ತವೆ. ದೂರವೂ ಮಾಯವಾಗುವುದಿಲ್ಲ, ಅದು ಗಾಡಿ ಓಡಿಸುವ ಹುಡುಗನ ಹೆಗಲಿಗೇರುತ್ತದೆ.

ಮತ್ತೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ದಿನವೂ ಅಂಗಡಿಗೆ ಹೋಗುವ ಕೆಲಸ ಬೀಳುವುದು ಬಹುಪಾಲು ಹೆಂಗಸರ ಮೇಲೆ. ಹಾಗಿರುವಾಗ ನಡಿಗೆಯನ್ನು ಹೊಗಳಿದರೆ ಅವರ ಹೊರೆಯನ್ನೇ ಹೊಗಳಿದಂತೆ. ಈ ಮಾತನ್ನು ಒಪ್ಪಲೇಬೇಕು. ಆದರೆ ಹೊರೆ ಹಂಚಿಕೆಯಾಗಲೂ ದಾರಿ ಚೆನ್ನಾಗಿರಬೇಕು. ಫುಟ್‌ಪಾತ್ ಮೇಲೆ ಸ್ಕೂಟರುಗಳು ನಿಲ್ಲದಿದ್ದರೆ, ಚರಂಡಿಯ ಚಪ್ಪಡಿ ಬಾಯ್ದೆರೆಯದಿದ್ದರೆ, ಎದುರಿಗೇ ಕಾಣುವ ಅಂಗಡಿಗೆ ಡಿವೈಡರ್ ಸುತ್ತಿ ಹೋಗಬೇಕಾಗದಿದ್ದರೆ, ಮೊಸರು ತರಲು ಮಗುವನ್ನೂ ಅಜ್ಜನನ್ನೂ ಧೈರ್ಯವಾಗಿ ಕಳಿಸಬಹುದು.

ದಾರಿ ಚೆನ್ನಾಗಿದ್ದರೆ ಸಾಲದು, ಮಾರುವವರೂ ಹತ್ತಿರದಲ್ಲೇ ಉಳಿಯಬೇಕು. ಅದಕ್ಕೆ ಹೊಸ ಕಾನೂನೇನೂ ಬೇಡ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯು ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ. 40 ಸ್ಥಾನಗಳನ್ನು ವ್ಯಾಪಾರಿಗಳ ಪ್ರತಿನಿಧಿಗಳಿಗೇ ಮೀಸಲಿಟ್ಟಿದೆ. ಸಂಚಾರಕ್ಕೆ ಅಡ್ಡಿಯೆಂದು ತಳ್ಳುಗಾಡಿಗಳನ್ನು ಎತ್ತಂಗಡಿ ಮಾಡುವ ಮಾತು ಬಂದಾಗ, ಆ ಬೀದಿಯವರು ಇನ್ನು ಸೊಪ್ಪಿಗೆ ಎಷ್ಟು ದೂರ ನಡೆಯಬೇಕು ಎಂಬ ಪ್ರಶ್ನೆಯೂ ಆ ಸಮಿತಿಯ ಮುಂದೆ ಬರಬೇಕು.